ಖಾಲಿಯಂತೆ ಕಾಣುವ ಸೀಸೆ

(ಮಂಡ್ಯದಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಪ್ರಿಯ ವಿದ್ಯಾರ್ಥಿಗಳೇ, ಅಧ್ಯಾಪಕ ಮಿತ್ರರೇ,

ಈ ಪುಟ್ಟ ಸೀಸೆಯನ್ನು ಕೈಯಿಂದ ಕೈಗೆ ದಾಟಿಸಿ. ಅವಧಿ ಮುಗಿದದ್ದು, ಹಾಳಾದೀತೆಂಬ ಅಂಜಿಕೆ ಬೇಡ. ಬೆಳಕಿಗೆ ಹಿಡಿದರೂ ಒಳಗೆ ಏನೂ ಕಾಣುವುದಿಲ್ಲ. ಆದರೆ ಇದರ ತಳದಲ್ಲಿ 50 ಮೈಕ್ರೋಗ್ರಾಂ ಪ್ರೋಟೀನ್ ಒಣಗಿ ಕುಳಿತಿದೆ. ಒಂದು ಸಕ್ಕರೆ ಹರಳಿಗಿಂತಲೂ ಹಗುರ. ಖಾಲಿ ಎಂದುಕೊಂಡು ಇಂಥ ಸೀಸೆಯನ್ನು ಕಸಕ್ಕೆ ಹಾಕಿದವರನ್ನು ನಾನು ಕಂಡಿದ್ದೇನೆ. ಮುಚ್ಚಳ ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಮ್ಮೆ ತಿರುಗಿಸಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. ಮುಚ್ಚಳಕ್ಕೆ ಅಂಟಿದ್ದು ತಳಕ್ಕೆ ಇಳಿಯಬೇಕು.

ಒಳಗಿರುವುದು ಮನುಷ್ಯನ ಇಜಿಎಫ್ ಗ್ರಾಹಿಯ, ಅಂದರೆ ಕೋಶದ ಪೊರೆಯಲ್ಲಿದ್ದು ಇಜಿಎಫ್ ಅನ್ನು ಹಿಡಿಯುವ ಪ್ರೋಟೀನಿನ, ಹೊರಭಾಗ. ಇಜಿಎಫ್ ಎಂದರೆ ಚರ್ಮದಂಥ ಹೊದಿಕೆಯ ಕೋಶಗಳನ್ನು ಬೆಳೆಯಲು ಪ್ರೇರೇಪಿಸುವ, 53 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್. ಇಲಿಮರಿಗಳು ಸಾಮಾನ್ಯವಾಗಿ ಹುಟ್ಟಿದ ಹನ್ನೆರಡು, ಹದಿನಾಲ್ಕು ದಿನಗಳಿಗೆ ಕಣ್ಣು ತೆರೆಯುತ್ತವೆ. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಚುಚ್ಚಿದ ಮರಿಗಳು ಒಂದೇ ವಾರದಲ್ಲಿ ಕಣ್ಣು ತೆರೆದದ್ದನ್ನು ಸ್ಟ್ಯಾನ್ಲಿ ಕೋಹೆನ್ ಗಮನಿಸಿದರು. ಆ ಸಾರದಿಂದ ಅವರು ಬೇರ್ಪಡಿಸಿ, 1962ರಲ್ಲಿ ಪ್ರಕಟಿಸಿದ ವಸ್ತುವೇ ಇಜಿಎಫ್. ರೀಟಾ ಲೆವಿ-ಮೊಂಟಾಲ್ಚಿನಿ ಅವರೊಂದಿಗೆ 1986ರ ನೊಬೆಲ್ ಪ್ರಶಸ್ತಿ ಅವರಿಗೆ ಬಂದಿತು. ಮರಿಯೊಂದು ಬೇಗ ಕಣ್ಣು ಬಿಟ್ಟಿತಲ್ಲ, ಏಕೆ ಎಂದು ಬೆನ್ನುಹತ್ತಿದ ಆ ಕುತೂಹಲ ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಇನ್ನು ಗ್ರಾಹಿಯ ವಿಚಾರ. ನಿಮ್ಮಲ್ಲಿ ಬಹಳ ಜನ ವಿಶ್ವೇಶ್ವರಯ್ಯ ನಾಲೆಯ ಬಯಲಿನಿಂದ ಬಂದವರು; ತೂಬು ಗೊತ್ತು, ನೀರುಗಂಟಿ ಗೊತ್ತು. ಏರಿಯ ಈ ಬದಿಯಲ್ಲಿ ನಿಂತು ಹಿಡಿಯನ್ನು ತಿರುಗಿಸಿದರೆ ಆ ಬದಿಯಲ್ಲಿ ಎಷ್ಟೋ ಗದ್ದೆಗಳಿಗೆ ನೀರು ಹರಿಯುತ್ತದೆ. ಕೋಶಪೊರೆಯೇ ಏರಿ, ಗ್ರಾಹಿಯೇ ತೂಬು ಎಂದುಕೊಳ್ಳಿ. ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ: ಇಜಿಎಫ್ ಒಳಗೆ ಹರಿದುಹೋಗಿ ಸುದ್ದಿ ಮುಟ್ಟಿಸುವುದಿಲ್ಲ. ಅದು ಬಂದು ಕೂತಾಗ, ಗ್ರಾಹಿ ಮಡಚಿಕೊಂಡಿದ್ದ ತನ್ನ ತೋಳನ್ನು ಚಾಚಿ ಪಕ್ಕದ ಇನ್ನೊಂದು ಗ್ರಾಹಿಯ ಕೈ ಹಿಡಿಯುತ್ತದೆ. ಹೊರಗೆ ಜೋಡಿಯಾದಾಗ ಒಳಗಿನ ಬಾಲಗಳೂ ಹತ್ತಿರ ಬಂದು ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಂದ ಸುದ್ದಿ ಕೈಬದಲಾಗುತ್ತಾ ಕೋಶಕೇಂದ್ರದವರೆಗೆ ಹೋಗುತ್ತದೆ. ಆ ಚಾಚಿದ ತೋಳಿನ ರಚನೆ ಸ್ಪಷ್ಟವಾಗಿ ಕಂಡದ್ದು 2002ರಲ್ಲಿ, ಹೊರಭಾಗವನ್ನು ಮಾತ್ರ ಹರಳುಗಟ್ಟಿಸಿ ಎಕ್ಸ್-ಕಿರಣಗಳಿಂದ ನೋಡಿದಾಗ. ಆ ಹೊರಭಾಗವೂ ಹೀಗೆ ಪ್ರಯೋಗಾಲಯದಲ್ಲಿ ತಯಾರಿಸಿದ್ದೇ.

ತಯಾರಿಸುವುದು ಹೇಗೆ? ಇಡೀ ಗ್ರಾಹಿಯಲ್ಲಿ 1186 ಅಮೈನೋ ಆಮ್ಲಗಳಿವೆ. ಹೊರಗಿನ ಸುಮಾರು 620ಕ್ಕೆ ಸಂಬಂಧಿಸಿದ ವಂಶವಾಹಿಯ ತುಂಡನ್ನಷ್ಟೇ ಕತ್ತರಿಸಿ, ತುದಿಗೆ ಆರು ಹಿಸ್ಟಿಡಿನ್‌ಗಳ ಬಾಲ ಸೇರಿಸಿ, ಸಾಕಿದ ಕೋಶಗಳಿಗೆ ಕೊಡುತ್ತಾರೆ. ಪೊರೆಯಲ್ಲಿ ನಾಟಿಕೊಳ್ಳುವ ಭಾಗವೇ ಇಲ್ಲದ್ದರಿಂದ ಪ್ರೋಟೀನ್ ಹೊರಗಿನ ದ್ರವಕ್ಕೆ ಬಂದುಬಿಡುತ್ತದೆ. ಹಿಸ್ಟಿಡಿನ್ ಬಾಲ ನಿಕ್ಕಲ್‌ಗೆ ಅಂಟಿಕೊಳ್ಳುವುದರಿಂದ ಅದನ್ನು ಸೋಸಿ ತೆಗೆಯಬಹುದು.

ಬ್ಯಾಕ್ಟೀರಿಯಾದಲ್ಲೇ ಅಗ್ಗವಾಗಿ ಬೆಳೆಸಬಾರದೇ ಎಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ, 1978ರಲ್ಲಿ ಇನ್ಸುಲಿನ್ ಅನ್ನು ಹಾಗೆಯೇ ತಯಾರಿಸಿದರು. ಆದರೆ ಈ ಗ್ರಾಹಿಗೆ ಮೈತುಂಬ ಗಂಧಕದ ಬೆಸುಗೆಗಳು ಬೇಕು. ಜೊತೆಗೆ, ಸಕ್ಕರೆಯ ಸೀಮೆಯಲ್ಲಿ ನಿಂತು ಹೇಳಲು ಸಂತೋಷವಾಗುತ್ತದೆ, ಹತ್ತಕ್ಕೂ ಹೆಚ್ಚು ಕಡೆ ಸಕ್ಕರೆಯ ಸರಗಳೂ ಬೇಕು. ಸಾಮಾನ್ಯ ಇ. ಕೋಲೈ ಬ್ಯಾಕ್ಟೀರಿಯಾ ಆ ಸರಗಳನ್ನು ಪೋಣಿಸಲಾರದು. ಅದರಲ್ಲಿ ಇಂಥ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುತ್ತದೆ. ಅದಕ್ಕೇ ಹೆಚ್‌ಇಕೆ 293ರಂಥ ಮನುಷ್ಯಮೂಲದ ಕೋಶಗಳನ್ನು ಬಳಸುತ್ತಾರೆ. ಲೆಕ್ಕದಲ್ಲಿ ಸುಮಾರು 70 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ಇರಬೇಕಾದ ಪ್ರೋಟೀನ್, ಗಾತ್ರದ ಪ್ರಕಾರ ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್‌ನಲ್ಲಿ 100ರ ಆಸುಪಾಸಿನಲ್ಲಿ ಕಂಡರೆ ಗಾಬರಿಯಾಗಬೇಡಿ, ಅದು ಸಕ್ಕರೆಯ ಭಾರ. ಪಿಎನ್‌ಜಿಯೇಸ್ ಎಫ್ ಕಿಣ್ವದಿಂದ ಸರಗಳನ್ನು ಕತ್ತರಿಸಿದರೆ ಪಟ್ಟಿ ಕೆಳಗಿಳಿಯುತ್ತದೆ.

ಈಗ ನನ್ನದೇ ಒಂದು ನೋವಿನ ಅನುಭವ. ನಾನು ಕೆಲಸ ಮಾಡುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ರಾತ್ರಿ ವಿದ್ಯುತ್ ಹೋಗಿ, ಹೆಪ್ಪುಗಟ್ಟಿಸಿಟ್ಟಿದ್ದ ಗ್ರಾಹಿಯ ದ್ರಾವಣ ಹೆಪ್ಪು ಬಿಟ್ಟು ಮತ್ತೆ ಹೆಪ್ಪುಗಟ್ಟಿತ್ತು. ಜೆಲ್ ಮೇಲೆ ಓಡಿಸಿದೆ, ಪಟ್ಟಿ ಚೊಕ್ಕಟವಾಗಿತ್ತು. ನಂಬಿದೆ. ಮೂರು ವಾರ ಪ್ರಯೋಗ ಮಾಡಿದ ಮೇಲೆ ತಿಳಿಯಿತು, ಅದು ಇಜಿಎಫ್ ಅನ್ನು ಹಿಡಿಯುತ್ತಲೇ ಇರಲಿಲ್ಲ. ಜೆಲ್‌ಗೆ ಹಾಕುವ ಮೊದಲು ನಾವೇ ಪ್ರೋಟೀನನ್ನು ಕುದಿಸಿ ಬಿಚ್ಚುತ್ತೇವೆ. ಅದು ಗಾತ್ರ ಹೇಳೀತು, ಆಕಾರವನ್ನಲ್ಲ. ಗ್ರಾಹಿಯ ಕಸುಬೆಲ್ಲ ಆಕಾರದಲ್ಲಿದೆ. ಆದ್ದರಿಂದ ಮೊದಲ ದಿನವೇ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದು ಪಾಲನ್ನು ಒಮ್ಮೆ ಮಾತ್ರ ಕರಗಿಸಿ.

ಇದು ಔಷಧವಲ್ಲ, ಸಂಶೋಧನೆಯ ಸಾಮಗ್ರಿ. ಆದರೆ ಔಷಧದ ದಾರಿಯಲ್ಲಿ ಇದಕ್ಕೆ ಕೆಲಸವಿದೆ. ಕೆಲವು ಕ್ಯಾನ್ಸರ್‌ಗಳಲ್ಲಿ ಈ ಗ್ರಾಹಿ ಮಿತಿಮೀರಿ ಇರುತ್ತದೆ. ಅದಕ್ಕೆ ಅಡ್ಡ ಕೂರುವ ನಿಮೋಟುಜುಮ್ಯಾಬ್ ಎಂಬ ಪ್ರತಿಕಾಯವನ್ನು, ಕ್ಯೂಬಾದಲ್ಲಿ ರೂಪುಗೊಂಡದ್ದನ್ನು, ಬೆಂಗಳೂರಿನ ಬಯೋಕಾನ್ 2006ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗಾಗಿ ಮಾರುಕಟ್ಟೆಗೆ ತಂದಿತು. ತಂಬಾಕು ಅಗಿಯುವ ನಮ್ಮ ಊರುಗಳಿಗೆ ಅದು ದೂರದ ಕಾಯಿಲೆಯಲ್ಲ. ಇಂಥ ಪ್ರತಿಕಾಯ ಗ್ರಾಹಿಗೆ ಅಂಟುತ್ತದೆಯೇ, ಎಷ್ಟು ಬಿಗಿಯಾಗಿ ಎಂದು ಅಳೆಯಲು ಸೀಸೆಯಲ್ಲಿರುವ ಈ ತುಂಡು ಸಾಕು. ಕೋಶ ಏನು ಮಾಡೀತು ಎಂದು ಮಾತ್ರ ಇದನ್ನು ಕೇಳಬೇಡಿ. ತೂಬಿನ ಹಿಡಿಯನ್ನು ಬಿಚ್ಚಿ ಮನೆಗೆ ತಂದಿದ್ದೇವೆ, ಇಲ್ಲಿ ನೀರು ಹರಿಯುವುದಿಲ್ಲ. ಒಂಟಿ ತುಂಡು ಇಜಿಎಫ್ ಅನ್ನು ಕೋಶದ ಮೇಲಿದ್ದಾಗಿನಷ್ಟು ಬಿಗಿಯಾಗಿಯೂ ಹಿಡಿಯುವುದಿಲ್ಲ.

ನಾಳೆ ಬೆಳಿಗ್ಗೆ ಪ್ಲೇಟಿನ ಗುಳಿಗಳಿಗೆ ಗ್ರಾಹಿಯನ್ನು ಲೇಪಿಸಿ ಇಜಿಎಫ್ ಹಾಕುತ್ತೇವೆ; ಇಜಿಎಫ್ ಅಂಟಿದ ಕಡೆ ಕೊನೆಗೆ ಬಣ್ಣ ಬರುತ್ತದೆ. ಮೊದಲ ಸಾಲಿಗೆ ಗ್ರಾಹಿಯನ್ನು ಹಾಕಬೇಡಿ, ಉಳಿದದ್ದೆಲ್ಲವನ್ನೂ ಹಾಕಿ. ಇಜಿಎಫ್ ಬರಿಯ ಪ್ಲಾಸ್ಟಿಕ್‌ಗೂ ಅಷ್ಟಿಷ್ಟು ಅಂಟುತ್ತದೆ. ಆ ಸಾಲಿನಲ್ಲಿಯೂ ಬಣ್ಣ ಬಂದರೆ ಎಷ್ಟು ಬಂದಿತೆಂದು ಬರೆದಿಟ್ಟುಕೊಂಡು ನನ್ನನ್ನು ಕರೆಯಿರಿ, ಮಿಕ್ಕ ಸಾಲುಗಳನ್ನು ಆಮೇಲೆ ನೋಡೋಣ.