'ಭೀಗಿ ಭೀಗಿ' ಟ್ಯೂನ್ ಹಿಂದಿನ ಮನುಷ್ಯ: ಗೌತಮ್ ಚಟ್ಟೋಪಾಧ್ಯಾಯ

ನಮಸ್ಕಾರ ಎಲ್ರಿಗೂ. ಶಿವಮೊಗ್ಗದಲ್ಲಿ ಮಳೆ ಹಿಡೀತು ಅಂದ್ರೆ ಯಾವ ಹಾಸ್ಟೆಲ್‌ಗೆ ಹೋದ್ರೂ ಒಬ್ಬ ಗಿಟಾರ್ ಹಿಡ್ಕೊಂಡು 'ಭೀಗಿ ಭೀಗಿ' ಬಾರಿಸ್ತಾ ಕೂತಿರ್ತಾನೆ. ತೀರ್ಥಹಳ್ಳಿಯಿಂದ ಒಬ್ರು ಕೇಳಿದ್ರು, ಅಣ್ಣಾ ಆ ಟ್ಯೂನ್ ಬೆಂಗಾಲಿದಂತೆ, ಹೌದಾ? ಹೌದು. 2006ರ ಹಿಂದಿ ಸಿನಿಮಾ 'ಗ್ಯಾಂಗ್‌ಸ್ಟರ್'ಗೆ ಸಂಗೀತ ನಿರ್ದೇಶಕ ಪ್ರೀತಮ್ ಅದನ್ನ ಬಳಸಿದ್ರು, ಹಾಡಿದ್ದು ಬಾಂಗ್ಲಾದೇಶದ ರಾಕ್ ಸಿಂಗರ್ ಜೇಮ್ಸ್, ಮೂಲ ಮಾತ್ರ ಕೋಲ್ಕತ್ತದ ಗೌತಮ್ ಚಟ್ಟೋಪಾಧ್ಯಾಯ ಅವರದ್ದು.

ಮೂಲದ ಅರ್ಥ ಗೊತ್ತಾದ್ರೆ ನೀವು ಆ ಹಾಡನ್ನ ಮೊದಲಿನ ಥರ ಕೇಳೋಕಾಗಲ್ಲ. ಅದು ಮಳೆ ಹಾಡಲ್ಲ, ಟಿವಿ ಬಗ್ಗೆ ಇರೋ ಹಾಡು! ಸ್ಯಾಟಲೈಟು ಕೇಬಲ್ಲು ಬಂದು ಪ್ರಪಂಚ ಚಿಕ್ಕದಾಗ್ತಾ ಆಗ್ತಾ ಮೂರ್ಖರ ಪೆಟ್ಟಿಗೆ ಒಳಗೆ ಸೇರ್ಕೊಂಡಿದೆ, ಇಡೀ ಲೋಕ ಮುಷ್ಟಿಯೊಳಗೆ ಬಂದ್ರೂ ನೀನು ನಾನು ಮಾತ್ರ ನಕ್ಷತ್ರಗಳ ಹಾಗೆ ದೂರ ಸರೀತಾ ಇದೀವಿ ಅಂತ. ಇದು ತೊಂಬತ್ತರ ದಶಕದ ಹಾಡು, ಮೊಬೈಲ್ ಎಲ್ರ ಕೈಗೆ ಬರೋಕೂ ಮುಂಚಿಂದು. ನನಗೆ ಇವತ್ತಿಗೂ ಮೈ ಜುಂ ಅನ್ಸುತ್ತೆ.

ಸರಿ, ಗೌತಮ್ ಅವರ ಹಿನ್ನೆಲೆ ಬೇಗ ಹೇಳ್ಬಿಡ್ತೀನಿ. ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಲ್ಲಿ ಓದು, ಪಾರ್ಕ್ ಸ್ಟ್ರೀಟಲ್ಲಿ ಗಿಟಾರ್, ಆಮೇಲೆ ನಕ್ಸಲ್ ಚಳವಳಿ, ಜೈಲು, ಹೊರಗೆ ಬಂದ್ಮೇಲೆ ಊರು ಬಿಟ್ಟು ಮಧ್ಯಪ್ರದೇಶದಲ್ಲಿ ಮೆಡಿಕಲ್ ರೆಪ್ ಕೆಲಸ. ವಾಪಸ್ ಬಂದು 1975ರಲ್ಲಿ ತಮ್ಮಂದಿರು, ಗೆಳೆಯರನ್ನ ಸೇರಿಸ್ಕೊಂಡು ಬ್ಯಾಂಡ್ ಕಟ್ಟಿದ್ರು. ಒಂದಷ್ಟು ದಿನ ಬ್ಯಾಂಡಿನ ಹೆಸರು 'ಗೌತಮ್ ಚಟ್ಟೋಪಾಧ್ಯಾಯ ಬಿ.ಎಸ್ಸಿ. ಮತ್ತು ಸಂಪ್ರದಾಯ' ಅಂತಿತ್ತು (ಬೆಂಗಾಲಿಯಲ್ಲಿ ಸಂಪ್ರದಾಯ ಅಂದ್ರೆ ತಂಡ), ನಿಜವಾಗ್ಲೂ! ಕೊನೆಗೆ ಉಳಿದ ಹೆಸರು 'ಮೊಹೀನೇರ್ ಘೋಡಾಗುಲಿ', ಅಂದ್ರೆ ಮೊಹೀನನ ಕುದುರೆಗಳು, ಕಾರ್ತೀಕದ ಬೆಳದಿಂಗಳಲ್ಲಿ ಹುಲ್ಲು ಮೇಯೋ ಕುದುರೆಗಳು. ಬೆಂಗಾಲಿ ಕವಿ ಜೀವನಾನಂದ ದಾಸರ ಪದ್ಯದಿಂದ ಎತ್ತಿದ್ದು. ಆ ಹೆಸರು ಸೂಚಿಸಿದ ರಂಜನ್ ಘೋಷಾಲ್ ಆಮೇಲೆ ನಮ್ಮ ಬೆಂಗಳೂರಲ್ಲೇ ನೆಲೆಸಿ ನಾಟಕ ಮಾಡ್ಸಿದ್ರು.

ಈ ಬ್ಯಾಂಡ್‌ನವರು ಮಾಡಿದ್ದೇನು ಅಂದ್ರೆ ಬಾವುಲ್ ಪದಗಳಿಗೆ, ಅಂದ್ರೆ ಬೆಂಗಾಲದ ಅಲೆಮಾರಿ ಹಾಡುಗಾರರ ಪದಗಳಿಗೆ, ಗಿಟಾರು, ಜಾಝು ಸೇರಿಸಿ ಬೆಂಗಾಲಿಯಲ್ಲೇ ಹಾಡಿದ್ದು. ದೀಪಾವಳಿ ರಾತ್ರಿ ದೀಪ ಆರದ ಹಾಗೆ ಹಿಡ್ಕೊಂಡು ಮನೆಮನೆಗೆ ಹೋಗಿ ಹಾಡೋ ನಮ್ಮ ಅಂಟಿಗೆ-ಪಂಟಿಗೆಯವರ ಪದಕ್ಕೆ 1975ರಲ್ಲೇ ಯಾರಾದ್ರೂ ಬೇಸ್ ಗಿಟಾರ್ ಸೇರಿಸಿ ಸ್ಟೇಜ್ ಹತ್ತಿದ್ರೆ ಹೇಗಿರ್ತಿತ್ತು ಯೋಚ್ನೆ ಮಾಡಿ, ಅಂಥ ಧೈರ್ಯ ಅದು. ಜನ ಒಪ್ಲಿಲ್ಲ. 1977, 78, 79ರಲ್ಲಿ ಒಂದೊಂದು ರೆಕಾರ್ಡ್ ಬಂತು, 1981ಕ್ಕೆ ಬ್ಯಾಂಡ್ ಮುಗೀತು.

ಈಗ ನಾನು ಹೇಳ್ಬೇಕು ಅಂದ್ಕೊಂಡಿದ್ದ ವಿಷಯ. 1995ರ ಕೋಲ್ಕತ್ತ ಪುಸ್ತಕ ಮೇಳದಲ್ಲಿ ಒಂದು ಕ್ಯಾಸೆಟ್ ಬಂತು, 'ಆಬಾರ್ ಬೋಛೋರ್ ಕುರಿ ಪೋರೆ', ಮತ್ತೆ ಇಪ್ಪತ್ತು ವರ್ಷ ಆದ್ಮೇಲೆ ಅಂತ. ಅದ್ರಲ್ಲಿ ಬ್ಯಾಂಡಿನ ಹೆಸರು ಹೇಗೆ ಹಾಕಿದ್ರು ಗೊತ್ತಾ, 'ಮೊಹೀನೇರ್ ಘೋಡಾಗುಲಿ ಸಂಪಾದಿತ'. ಪತ್ರಿಕೆಗೆ ಸಂಪಾದಕರಿರ್ತಾರಲ್ಲ, ಹಾಗೆ! ಹಳೇ ಬ್ಯಾಂಡ್ ಮತ್ತೆ ಸೇರಿ ತಮ್ಮ ಹಳೇ ಹಾಡನ್ನೇ ಹಾಡ್ಕೊಂಡು ಚಪ್ಪಾಳೆ ತಗೊಳ್ಳೋದು ಸುಲಭ ಇತ್ತು, ಗೌತಮ್ ಅವರು ತಮ್ಮ ಹಾಡನ್ನೂ ಹೊಸ ಹುಡುಗರ ಹಾಡನ್ನೂ ಒಂದೇ ಕ್ಯಾಸೆಟ್ಟಲ್ಲಿ ಪಕ್ಕಪಕ್ಕ ಇಟ್ರು. ಇಂಥವು ನಾಲ್ಕು ಆಲ್ಬಮ್ ಬಂದ್ವು. ಯಾರಿಗೂ ಬೇಡವಾಗಿದ್ದ ಬ್ಯಾಂಡು ಹೊಸ ಹುಡುಗರಿಗೆ ಗುರು ಆಯ್ತು. ಒಬ್ಬ ಸೀನಿಯರ್ ತನ್ನ ಹೆಸರಿನ ಕೆಳಗೆ ಹುಡುಗರಿಗೆ ಜಾಗ ಕೊಟ್ಟಾಗ್ಲೇ ಬೆಂಗಾಲಿ ರಾಕ್ ಬೇರು ಬಿಟ್ಟಿದ್ದು ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಟೈಮ್ ಕಮ್ಮಿ ಇದೆ, ಉಳಿದಿದ್ದು ಒಟ್ಟಿಗೇ ಹೇಳ್ತೀನಿ: ಅವರ ಸಿನಿಮಾ 'ನಾಗಮೋತಿ'ಗೆ ರಾಷ್ಟ್ರಪ್ರಶಸ್ತಿ ಬಂದಿತ್ತು, ಕ್ಯಾಕ್ಟಸ್, ಫಾಸಿಲ್ಸ್, ಭೂಮಿ ಥರದ ಬ್ಯಾಂಡ್‌ಗಳು ಬೆಂಗಾಲಿಯಲ್ಲೇ ಹಾಡಿ ಹಾಲ್ ತುಂಬಿಸಿದ್ವು, ಗೌತಮ್ ಮಾತ್ರ 1999ರ ಜೂನ್ 20ಕ್ಕೆ ತೀರ್ಕೊಂಡ್ರು, 'ಭೀಗಿ ಭೀಗಿ' ದೇಶ ಪೂರ್ತಿ ಕೇಳ್ಸಿದ್ದನ್ನ ನೋಡೋಕೆ ಅವರಿರಲಿಲ್ಲ.

ಹೊಸದಾಗಿ ಕೇಳೋರು 1995ರ ಆಲ್ಬಮ್ಮಿಂದ ಶುರು ಮಾಡಿ, 1977ಂದು ಆಮೇಲೆ ಕೇಳಿ. ಮತ್ತೆ ಸಾಗರ, ಹೊಸನಗರ ಕಡೆಯವ್ರು ಯಾರಾದ್ರೂ ಸ್ವಂತ ಕನ್ನಡ ಹಾಡು ಮಾಡ್ತಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿದ್ರೂ ಸರಿ ಕಳ್ಸಿ, ಮುಂದಿನ ವಿಡಿಯೋದಲ್ಲಿ ನಿಮ್ಮ ಹೆಸರಲ್ಲೇ ಹಾಕ್ತೀನಿ.