ಎಷ್ಟು ಹಾಕಿದೆ, ಯಾವುದರಲ್ಲಿ ನೆನೆಸಿದೆ?

ಎಲ್ಲರಿಗೂ ನಮಸ್ಕಾರ. ಔಷಧಿ ಗಿಡಗಳ ಸಾರ ತೆಗೆದು ಪರೀಕ್ಷೆ ಮಾಡುವ ನಿಮ್ಮ ಪ್ರಾಜೆಕ್ಟ್ ಮುಂದಿನ ವಾರ ಶುರು ಅಂತ ಪ್ರಿನ್ಸಿಪಾಲರು ಹೇಳಿದರು. ಪಟ್ಟಿಯನ್ನೂ ತೋರಿಸಿದರು. ಬೇವು, ತುಳಸಿ, ಅಮೃತಬಳ್ಳಿ, ನೆಲ್ಲಿಕಾಯಿ, ದೊಡ್ಡಪತ್ರೆ. ಹೆಚ್ಚುಕಡಿಮೆ ಎಲ್ಲರೂ ಒಂದೊಂದು ಗಿಡ ಹಿಡಿದಿದ್ದೀರಿ. ನನಗೆ ತುಂಬಾ ಖುಷಿಯಾಯಿತು. ಹಾಗಾಗಿ ಬರೆದುಕೊಂಡು ಬಂದದ್ದನ್ನು ಬದಿಗಿಟ್ಟು ಮೊದಲು ಒಬ್ಬ ಹುಡುಗಿಯ ಕತೆ ಹೇಳುತ್ತೇನೆ.

ನನ್ನ ವಿದ್ಯಾರ್ಥಿನಿ, ಮಲೆನಾಡಿನವಳು. ಮನೆಯಲ್ಲಿ ಮಕ್ಕಳಿಗೆ ಶೀತವಾದರೆ ಅವಳ ಅಜ್ಜಿ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಸೇರಿಸಿ ನೆಕ್ಕಿಸುತ್ತಿದ್ದರಂತೆ. ಅದನ್ನೇ ಪರೀಕ್ಷೆ ಮಾಡುತ್ತೇನೆ ಅಂದಳು. ಎಲೆಯನ್ನು ನೆರಳಲ್ಲಿ ಒಣಗಿಸಿದಳು, ಪುಡಿ ಮಾಡಿದಳು, ಮೆಥನಾಲ್ ಎಂಬ ಆಲ್ಕೊಹಾಲಿನಲ್ಲಿ ಮೂರು ದಿನ ನೆನೆಸಿ ಸೋಸಿದಳು. ಕಾಗದದ ಪುಟ್ಟ ಬಿಲ್ಲೆಗೆ ಆ ಸಾರ ಹಾಕಿ, ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹಚ್ಚಿದ ಅಗರ್ ಪ್ಲೇಟಿನ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆಯ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಪ್ಲೇಟ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಓಡಿ ಬಂದಳು. ಪ್ಲೇಟಿನ ತುಂಬ ಕೆನೆ ಕಟ್ಟಿದ ಹಾಗೆ ಬ್ಯಾಕ್ಟೀರಿಯಾ. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಬಳೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. "ಸಾರ್, ನಮ್ಮಜ್ಜಿ ಹೇಳಿದ್ದು ನಿಜ!" ಅಂದಳು. ಕಣ್ಣಲ್ಲಿ ನೀರಿತ್ತು.

"ಬರೀ ಮೆಥನಾಲ್ ಹಾಕಿದ ಬಿಲ್ಲೆ ಎಲ್ಲಮ್ಮಾ?" ಅಂತ ಕೇಳಿದೆ. ಇಟ್ಟಿರಲಿಲ್ಲ. ಮತ್ತೆ ಮಾಡಿದಳು. ಬರೀ ಮೆಥನಾಲ್ ಬಿಲ್ಲೆಯ ಸುತ್ತಲೂ ಬಳೆ! ಬಿಲ್ಲೆಯನ್ನು ಸರಿಯಾಗಿ ಒಣಗಿಸದೆ ಇಟ್ಟಿದ್ದಳು, ಮೆಥನಾಲೇ ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಎರಡು ದಿನ ಮಾತಾಡಲಿಲ್ಲ ಹುಡುಗಿ. ಮೂರನೇ ಸಲ ಬಿಲ್ಲೆಗಳನ್ನು ಪೂರ್ತಿ ಒಣಗಿಸಿ ಇಟ್ಟಳು. ಮೆಥನಾಲಿನ ಬಳೆ ಹೋಯಿತು. ದೊಡ್ಡಪತ್ರೆಯ ಬಳೆ ಸಣ್ಣದಾಯಿತು, ಆದರೆ ಉಳಿಯಿತು. ಆ ಸಣ್ಣ ಬಳೆ ಅವಳದೇ, ಅವಳ ಅಜ್ಜಿಯದೇ. ಆ ಎಲೆಯ ಘಾಟಿನಲ್ಲಿ ಕಾರ್ವಕ್ರಾಲ್ ಎಂಬ ಎಣ್ಣೆಯಂಥ ವಸ್ತು ಇದೆ. ಅದು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಮಾಡುತ್ತದೆ.

ಅದಕ್ಕೇ ಹೇಳುವುದು: ಎಷ್ಟು ಹಾಕಿದೆ, ಯಾವುದರಲ್ಲಿ ನೆನೆಸಿದೆ? ಈ ಎರಡು ಪ್ರಶ್ನೆ ಬಿಡಬೇಡಿ. ಬಳೆಯ ಅಳತೆಯೊಂದನ್ನೇ ನಂಬಬೇಡಿ. ಎಣ್ಣೆಯಂಥ ವಸ್ತು ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಶಕ್ತಿ ಇದ್ದರೂ ಬಳೆ ಸಣ್ಣದಿರಬಹುದು. ಇ. ಕೋಲೈಯಂಥ, ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಅಲ್ಲಿ ಬಹಳಷ್ಟು ಸಾರಗಳು ಒಳಗೇ ಹೋಗುವುದಿಲ್ಲ. ಇನ್ನು ಪ್ರಮಾಣ. ಒಳ್ಳೆಯ ಆ್ಯಂಟಿಬಯಾಟಿಕ್ ಮೈಕ್ರೊಗ್ರಾಂ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ನಮ್ಮ ಸಾರಗಳಿಗೆ ಸಾಮಾನ್ಯವಾಗಿ ಮಿಲಿಗ್ರಾಂ ಬೇಕು. ಅಂದರೆ 1000 ಪಟ್ಟು ಬೇರೆ ಲೆಕ್ಕ! ಗಿಡ ಸೋತಿತು ಅಂತಲ್ಲ. ಸಾರ ಅಂದರೆ ನೂರಾರು ವಸ್ತುಗಳ ಕಲಬೆರಕೆ. ಕೆಲಸ ಮಾಡುವುದು ಅದರಲ್ಲಿ ಯಾವುದೋ ಚೂರು. ಆ ಚೂರು ಹುಡುಕಬೇಕು.

ಹುಡುಕಿದವರು ಇದ್ದಾರೆ. ಚೀನಾದ ವಿಜ್ಞಾನಿ ತು ಯೂಯೂ. ಮಲೇರಿಯಾಕ್ಕೆ ಮದ್ದು ಹುಡುಕುತ್ತಾ ಚಿಂಗ್‌ಹಾವ್ ಎಂಬ ಗಿಡದ ಸಾರ ತೆಗೆದರು. ಒಮ್ಮೆ ಕೆಲಸ ಮಾಡಿತು, ಇನ್ನೊಮ್ಮೆ ಮಾಡಲಿಲ್ಲ. ಸುಮಾರು 1600 ವರ್ಷ ಹಳೆಯ ವೈದ್ಯ ಪುಸ್ತಕವೊಂದರಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ರಸ ಹಿಂಡಿ ಕುಡಿಯಬೇಕು ಅಂತ ಇತ್ತು. ಕುದಿಸಬೇಕು ಅಂತ ಇರಲಿಲ್ಲ. ಶಾಖಕ್ಕೆ ಕೆಡುತ್ತಿರಬೇಕು ಅಂತ ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲಿ, ಈಥರ್ ಎಂಬ ಬೇಗ ಆರಿಹೋಗುವ ದ್ರವ ಬಳಸಿ ಸಾರ ತೆಗೆದರು. 1971ರಲ್ಲಿ ಫಲ ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ನೋಡಿ, ಮತ್ತೆ ಅದೇ ಪ್ರಶ್ನೆ, ಯಾವುದರಲ್ಲಿ ನೆನೆಸಿದೆ!

ನಮ್ಮ ಅರಿಶಿನದ ವಿಷಯವೂ ಹೇಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನ. ಜನರಿಗೆ ಅರಿಶಿನದ ಹಳದಿ ವಸ್ತುವಾದ ಕರ್ಕ್ಯುಮಿನ್ 2 ಗ್ರಾಂ ಕೊಟ್ಟರು. ರಕ್ತದಲ್ಲಿ ಸಿಕ್ಕಿದ್ದು ಇಲ್ಲವೆನ್ನುವಷ್ಟು. ಜೊತೆಗೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಅದು ಸುಮಾರು 20 ಪಟ್ಟು ಜಾಸ್ತಿಯಾಯಿತು. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಅರಿಶಿನದ ಪುಡಿ 60 ಗ್ರಾಂಗೂ ಜಾಸ್ತಿ ಬೇಕು. ಹಾಲಿಗೆ ನಾವು ಹಾಕುವುದು ಎಷ್ಟು? ಅರ್ಧ ಚಮಚ, ಅಲ್ವಾ?

ಐದೇ ನಿಮಿಷ ಅಂತ ಚೀಟಿ ಬಂತು. ಆ್ಯಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳಿಗೆ ಹಾನಿ ಮಾಡುವ ಕಣಗಳನ್ನು ತಣಿಸುವ ವಸ್ತು, ಅದರ ವಿಷಯ ಬೇಗ ಹೇಳಿಬಿಡುತ್ತೇನೆ. ಅದನ್ನು ಅಳೆಯಲು ಬಳಸುವ ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ನೇರಳೆ ಬಣ್ಣ. ನೆಲ್ಲಿಕಾಯಿ ಸಾರ ಬಿಟ್ಟರೆ ಕಣ್ಣೆದುರೇ ಹಳದಿಗೆ ತಿರುಗುತ್ತದೆ. ಪುನರ್ಪುಳಿ ಹಾಕುವವರು ಹುಷಾರಾಗಿರಿ, ಅದರ ಕೆಂಪೇ ಅಳತೆಯನ್ನು ಕೆಡಿಸಬಹುದು. ಸಾರದ ಬಣ್ಣಕ್ಕೂ ಒಂದು ಕಂಟ್ರೋಲ್, ಅಂದರೆ ಡಿಪಿಪಿಎಚ್ ಇಲ್ಲದ ಬರೀ ಸಾರದ ಟ್ಯೂಬ್ ಇಡಿ. ಆದರೆ ಟ್ಯೂಬಿನಲ್ಲಿ ಆದದ್ದು ದೇಹದಲ್ಲಿ ಆಗುತ್ತದೆ ಅಂತ ಬರೆಯಬೇಡಿ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ಅಧ್ಯಯನ ಮಾಡಿದರು. 1994ರಲ್ಲಿ ಫಲಿತಾಂಶ ಬಂತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್‌ನ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ 18ರಷ್ಟು ಜಾಸ್ತಿಯಾಯಿತು. ಅದೂ ಆ್ಯಂಟಿಆಕ್ಸಿಡೆಂಟೇ.

ಗಿಡಗಳ ಅತಿಯಾದ ಕೊಯ್ಲಿನ ವಿಷಯ ಉಳಿಯಿತು, ಅದಕ್ಕೆ ಇನ್ನೊಮ್ಮೆ ಬರುತ್ತೇನೆ. ದೊಡ್ಡಪತ್ರೆ ಆರಿಸಿಕೊಂಡವರು ಯಾರು? ನಾಲ್ಕು ಜನ. ಬ್ಯಾಗಿನಲ್ಲಿ ನಮ್ಮ ಮನೆಯ ಗಿಡದ ಕಡ್ಡಿಗಳಿವೆ, ಕುಂಡದಲ್ಲಿ ಚುಚ್ಚಿದರೆ ಸಾಕು, ಚಿಗುರುತ್ತವೆ. ಬನ್ನಿ, ತೆಗೆದುಕೊಂಡು ಹೋಗಿ.