ರಿಲೀಸ್ ಎಂಬ ಒಂದು ಕಾಗದ

ಕೇಳುಗರೇ, ನಮಸ್ಕಾರ.

ಕರಾವಳಿಯಲ್ಲಿ ಗಲ್ಫಿಗೆ ಹೋದವರು ಒಬ್ಬರೂ ಇಲ್ಲದ ಕುಟುಂಬ ಸಿಗುವುದು ಕಷ್ಟ. ನಮ್ಮ ಭಾವ ಕತಾರಿನ ದೋಹಾದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ಕಂಪನಿ ರಿಲೀಸ್ ಕೊಡ್ತಿಲ್ಲ." ಬೇರೆ ಕಡೆ ಜಾಸ್ತಿ ಸಂಬಳದ ಕೆಲಸ ಸಿಕ್ಕಿತ್ತು. ಆದರೆ ಹೋಗಲು ಬಿಡುತ್ತೇನೆ ಎಂಬ ರಿಲೀಸ್ ಕಾಗದಕ್ಕೆ ಹಳೇ ಮಾಲೀಕ ಸಹಿ ಹಾಕಬೇಕಲ್ಲ? ಹಾಕಲೇ ಇಲ್ಲ.

ವಲಸೆ ಬಂದವರಿಂದ ಒಂದು ದೇಶಕ್ಕೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಕಾಗದ.

ಕತಾರಿನಲ್ಲಿರುವುದು ಸುಮಾರು 30 ಲಕ್ಷ ಜನ. ಅವರಲ್ಲಿ ಆ ದೇಶದ ಪ್ರಜೆಗಳು ಹತ್ತಕ್ಕೆ ಒಬ್ಬರು, ಅಷ್ಟೇ. 2022ರ ಫುಟ್‌ಬಾಲ್ ವಿಶ್ವಕಪ್‌ಗೆ ಸ್ಟೇಡಿಯಂ, ಮೆಟ್ರೊ, ರಸ್ತೆ ಕಟ್ಟಿದವರು ಭಾರತ, ನೇಪಾಳ, ಬಾಂಗ್ಲಾದೇಶದಂಥ ಕಡೆಯಿಂದ ಹೋದವರು. ದುಡ್ಡು ಆ ದೇಶ ಮಾರುವ ನೈಸರ್ಗಿಕ ಗ್ಯಾಸಿನದು, ನಿಜ. ದುಡಿಮೆ ಇವರದು.

ವಲಸಿಗರು ಬಂದರೆ ಕೂಲಿ ಇಳಿಯುತ್ತದೆ ಎನ್ನುತ್ತಾರೆ. ಜನ ಬಂದ ಮಾತ್ರಕ್ಕೇ ಇಳಿಯುತ್ತದಾ? ಕತಾರಿನಲ್ಲಿ ಕಫಾಲಾ ಅಂತ ಒಂದು ಪದ್ಧತಿ. ವೀಸಾ ಕೊಡಿಸಿದ ಮಾಲೀಕ, ಅಂದರೆ ಕಫೀಲ್, ಒಪ್ಪದೆ ಕೆಲಸ ಬದಲಿಸುವಂತಿರಲಿಲ್ಲ. ಊರಿಗೆ ಹೊರಡಲೂ ಅವನ ಒಪ್ಪಿಗೆ ಬೇಕಿತ್ತು. ಬಿಟ್ಟು ಹೋಗಲಾರದ ಆಳಿಗೆ ಯಾವ ಮಾಲೀಕ ಸಂಬಳ ಏರಿಸುತ್ತಾನೆ ಹೇಳಿ! ಅಂಥ ಸಂಬಳಕ್ಕೆ ಸ್ಥಳೀಯರೂ ಬರುವುದಿಲ್ಲ. ಕತಾರಿ ಪ್ರಜೆಗಳಲ್ಲಿ ಹೆಚ್ಚಿನವರು ಸರ್ಕಾರಿ ಕೆಲಸವನ್ನೇ ಹಿಡಿಯುತ್ತಾರೆ. ಹೀಗೆ ಕಾನೂನೇ ಕೂಲಿಯನ್ನು ಕೆಳಗೆ ಒತ್ತಿ ಹಿಡಿದಿತ್ತು.

ಇದರ ಮೇಲೆ, ಕೆಲಸ ಕೊಡಿಸುವ ಏಜೆಂಟಿಗೆ ಕೊಡಲು ಮಾಡಿದ ಸಾಲ. ಈಗ ನಮ್ಮ ದೇಶದ ನಿಯಮದಂತೆ ಏಜೆಂಟ್ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಹೆಚ್ಚು ಪಡೆಯುವಂತಿಲ್ಲ. ಭಾವ ಕೊಟ್ಟದ್ದು ಒಂದು ಲಕ್ಷಕ್ಕೂ ಜಾಸ್ತಿ. ಅಕ್ಕನ ಬಳೆ ಅಡವಿಟ್ಟಿದ್ದರು. ಆ ಬಳೆ ಬಿಡಿಸುವವರೆಗೆ ಮಾಲೀಕ ಹೇಳಿದ್ದಕ್ಕೆಲ್ಲ ತಲೆಯಾಡಿಸಲೇಬೇಕು, ಅಲ್ವಾ?

2018ರಲ್ಲಿ ಕತಾರಿನಲ್ಲಿ ಹೆಚ್ಚಿನ ಕೆಲಸಗಾರರಿಗೆ ಎಕ್ಸಿಟ್ ಪರ್ಮಿಟ್, ಅಂದರೆ ಊರಿಗೆ ಹೊರಡಲು ಬೇಕಿದ್ದ ಆ ಒಪ್ಪಿಗೆ, ತೆಗೆದರು. 2020ರಲ್ಲಿ ರಿಲೀಸ್ ಕಾಗದವೂ ಹೋಯಿತು. 2021ರ ಮಾರ್ಚ್‌ನಿಂದ ಕನಿಷ್ಠ ಸಂಬಳ ತಿಂಗಳಿಗೆ 1000 ರಿಯಾಲ್. ಕಂಪನಿ ಊಟ ಕೊಡದಿದ್ದರೆ 300, ರೂಮು ಕೊಡದಿದ್ದರೆ 500 ಬೇರೆ. ಯಾವ ದೇಶದವರಾದರೂ ಸರಿ, ಮನೆಗೆಲಸದವರಿಗೂ ಇದು ಅನ್ವಯ. ಇದರಿಂದ 2 ಲಕ್ಷ 80 ಸಾವಿರ ಜನರ ಮೂಲ ಸಂಬಳ ಏರಿತು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಲೆಕ್ಕ ಕೊಟ್ಟಿದೆ. ಜನ ಅವರೇ, ಕೆಲಸವೂ ಅದೇ. ಬದಲಾದದ್ದು ಕಾನೂನು.

ಎಲ್ಲ ಸರಿಹೋಗಿದೆ ಎನ್ನಲಾರೆ. ಅಲ್ಲಿ ಉಳಿಯುವ ಪರವಾನಗಿ ಈಗಲೂ ಮಾಲೀಕನಿಗೇ ಅಂಟಿಕೊಂಡಿದೆ. ವಲಸಿಗರು ಸಂಘ ಕಟ್ಟುವಂತಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಪರಾಧ, ಆದರೂ ಇಟ್ಟುಕೊಳ್ಳುವವರಿದ್ದಾರೆ. ಇದು ನನಗೆ ತುಂಬ ನೋವಿನ ಸಂಗತಿ.

ಭಾವ 2019ರಲ್ಲೇ ಊರಿಗೆ ಬಂದುಬಿಟ್ಟರು. ಈಗ ಅವರ ಸೋದರಳಿಯ ದೋಹಾದಲ್ಲಿದ್ದಾನೆ. ಹೋದ ಎರಡನೇ ವರ್ಷವೇ ಒಂದು ತಿಂಗಳ ನೋಟಿಸ್ ಕೊಟ್ಟು ಕಂಪನಿ ಬದಲಿಸಿದ. ಸುದ್ದಿ ಕೇಳಿದ ಭಾವ ಫೋನಿನಲ್ಲಿ ಎರಡೆರಡು ಸಲ ಕೇಳಿದರು: "ಯಾರ ಸಹಿಯೂ ಬೇಕಾಗಲಿಲ್ವಾ?"

ನಮಸ್ಕಾರ.